ಸಣ್ಣ ದೋಣಿಗಳಲ್ಲಿ ಇಂಧನ ಮತ್ತು ವಿದ್ಯುತ್: ನೆಲವಿಲ್ಲದೆಡೆ ಭೂಸಂಪರ್ಕ

ಉಪಕರಣದ ಲೋಹದ ಮೈಯನ್ನು ತಂತಿಯ ಮೂಲಕ ನೆಲಕ್ಕೆ ಜೋಡಿಸುವುದೇ ಭೂಸಂಪರ್ಕ ಎಂದು ವಿದ್ಯಾರ್ಥಿಗಳು ವಿಜ್ಞಾನದ ಪಾಠದಲ್ಲಿ ಕಲಿಯುತ್ತಾರೆ. ಹಾಗಾದರೆ ನೀರಿನ ಮೇಲೆ ತೇಲುವ ದೋಣಿಗೆ ನೆಲವೆಲ್ಲಿದೆ? ಈ ಪ್ರಶ್ನೆಯನ್ನು ತರಗತಿಯಲ್ಲಿ ಎತ್ತಿದರೆ ಭೂಸಂಪರ್ಕದ ನಿಜವಾದ ಉದ್ದೇಶ ಬೇಗ ತಿಳಿಯುತ್ತದೆ. ಪೆಟ್ರೋಲ್ ಎಂಜಿನ್ನಿನ ಸಣ್ಣ ವಿಹಾರ ದೋಣಿ ಇದಕ್ಕೆ ಒಳ್ಳೆಯ ಉದಾಹರಣೆ. ಇಂಥ ದೋಣಿಗಳು ಬಹುಸಂಖ್ಯೆಯಲ್ಲಿರುವ ಅಮೆರಿಕದಲ್ಲಿ 1971ರ ಸಂಯುಕ್ತ ದೋಣಿ ಸುರಕ್ಷತಾ ಕಾಯಿದೆಯ ಅಡಿಯಲ್ಲಿ ಅವುಗಳ ನಿರ್ಮಾಣಕ್ಕೆ ವಿವರವಾದ ನಿಯಮಗಳು ರೂಪುಗೊಂಡಿವೆ. ಮುಂದೆ ಬರುವ ನಿಯಮಗಳೆಲ್ಲವೂ ಅಲ್ಲಿಯವು.

ಮೊದಲು ಅಪಾಯ ಎಲ್ಲಿದೆ ಎಂಬುದನ್ನು ನೋಡಬೇಕು. ದ್ರವರೂಪದ ಪೆಟ್ರೋಲ್ ಉರಿಯುವುದಿಲ್ಲ. ಅದರ ಆವಿ ಉರಿಯುತ್ತದೆ. ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿಯೂ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಪೆಟ್ರೋಲ್ ಹೊರಬಿಡುತ್ತದೆ. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಕಾರಿನಲ್ಲಿ ಇಂಧನ ಸೋರಿದರೆ ಆವಿ ಕೆಳಗಿನ ತೆರವಿನಿಂದ ಹೊರಗೆ ಹರಡಿ ಚದುರಿಹೋಗುತ್ತದೆ. ದೋಣಿಯ ಒಡಲು ಹಾಗಲ್ಲ. ಅದೊಂದು ಬಟ್ಟಲು, ನೀರನ್ನು ಒಳಗೆ ಬಿಡದಿರುವಂತೆಯೇ ಆವಿಯನ್ನು ಹೊರಗೆ ಬಿಡುವುದಿಲ್ಲ. ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ ಸುಮಾರು ಒಂದೂವರೆ ಭಾಗವಾದರೂ ಸಾಕು, ಸ್ಫೋಟಕ್ಕೆ ಒಂದು ಕಿಡಿಯಷ್ಟೇ ಬಾಕಿ.

ಆ ಕಿಡಿ ಎಲ್ಲಿಂದ ಬರುತ್ತದೆ? ಎಂಜಿನ್ನಿನ ವಿದ್ಯುತ್ ಭಾಗಗಳು ಎಲ್ಲರಿಗೂ ಹೊಳೆಯುವ ಉತ್ತರ. ಆದರೆ ಸ್ವಿಚ್ಚುಗಳೆಲ್ಲ ಆರಿರುವಾಗ, ಇಂಧನ ತುಂಬಿಸುವ ಹೊತ್ತಿನಲ್ಲೇ ಕಿಡಿ ಹುಟ್ಟಬಹುದು. ಪೆಟ್ರೋಲ್ ವಿದ್ಯುತ್ತಿನ ಅತಿ ದುರ್ಬಲ ವಾಹಕ. ಅದು ಕೊಳವೆಯಲ್ಲಿ ರಭಸದಿಂದ ಹರಿಯುವಾಗ, ಒಣಗೂದಲಿಗೆ ಬಾಚಣಿಗೆ ಉಜ್ಜಿದಾಗ ಆಗುವಂತೆ, ಆವೇಶಗಳು ಬೇರ್ಪಡುತ್ತವೆ. ದ್ರವವು ಆವೇಶವನ್ನು ಹೊತ್ತು ಟ್ಯಾಂಕನ್ನು ಸೇರುತ್ತದೆ. ದೋಣಿಯ ಅಂಚಿನಲ್ಲಿರುವ, ಇಂಧನ ತುಂಬಿಸುವ ಲೋಹದ ಬಾಯಿಗೂ ಒಳಗಿನ ಲೋಹದ ಟ್ಯಾಂಕಿಗೂ ನಡುವೆ ರಬ್ಬರ್ ಕೊಳವೆಯಿರುತ್ತದೆ. ರಬ್ಬರ್ ಅವಾಹಕವಾದುದರಿಂದ ಎರಡು ಲೋಹಗಳೂ ಒಂದಕ್ಕೊಂದು ಸಂಬಂಧವಿಲ್ಲದ ದ್ವೀಪಗಳಾಗಿ ಉಳಿಯುತ್ತವೆ. ಅವುಗಳ ಮೇಲೆ ಕೂಡಿದ ಆವೇಶವು ಪಂಪಿನ ನಳಿಕೆ ಹತ್ತಿರ ಬಂದಾಗ ಕಿಡಿಯಾಗಿ ಹಾರಬಹುದು. ಆವಿ ಅತ್ಯಂತ ದಟ್ಟವಾಗಿರುವ ಜಾಗವೂ ಅದೇ.

ಪರಿಹಾರ ಒಂದು ತುಂಡು ತಂತಿ. ತುಂಬುವ ಬಾಯಿಯಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ದೋಣಿಯ ‘ನೆಲ’ಕ್ಕೆ ಅದನ್ನು ಜೋಡಿಸಲಾಗುತ್ತದೆ. ಇಲ್ಲಿ ನೆಲವೆಂದರೆ ಎಂಜಿನ್ನಿನ ಲೋಹದ ಮೈ ಮತ್ತು ಬ್ಯಾಟರಿಯ ಋಣ ಧ್ರುವ ಸೇರುವ ಬಿಂದು. ಮಣ್ಣಿನ ಸಂಪರ್ಕ ಮುಖ್ಯವಲ್ಲ. ಎಲ್ಲ ಲೋಹಗಳೂ ಒಂದೇ ವಿಭವದಲ್ಲಿರುವುದು ಮುಖ್ಯ. ವಿಭವದ ಅಂತರವಿಲ್ಲದಿದ್ದರೆ ಕಿಡಿ ಹಾರಲು ಕಾರಣವೇ ಇಲ್ಲ. ಇಂಧನ ತಾಗುವ ಪ್ರತಿಯೊಂದು ಲೋಹದ ಭಾಗಕ್ಕೂ ಈ ಬಿಂದುವಿಗೂ ನಡುವಿನ ರೋಧ 100 ಓಮ್‌ಗಿಂತ ಕಡಿಮೆಯಿರಬೇಕೆಂಬುದು ನಿಯಮ. ಸರಿಯಾಗಿ ಬಿಗಿದ ತಂತಿಯಲ್ಲಿ ರೋಧ ಒಂದು ಓಮ್‌ನಷ್ಟೂ ಇರುವುದಿಲ್ಲ. ಮೀಟರ್ ನೂರನ್ನು ದಾಟಿತೆಂದರೆ ಎಲ್ಲೋ ತುಕ್ಕು ಹಿಡಿದಿದೆ ಅಥವಾ ಜೋಡಣೆ ಸಡಿಲವಾಗಿದೆ ಎಂದೇ ತಿಳಿಯಬೇಕು.

ಇದೇ ನಿಯಮದಲ್ಲಿ ಇನ್ನೊಂದು ಸಣ್ಣ ಮಾತಿದೆ. ತಂತಿಯ ತುದಿಯನ್ನು ರಬ್ಬರ್ ಕೊಳವೆಗೂ ಅದು ಕುಳಿತಿರುವ ಲೋಹದ ನಳಿಗೆಗೂ ನಡುವೆ ತೂರಿಸಿ ಪಟ್ಟಿ ಬಿಗಿಯಕೂಡದು. ಕೆಲಸ ಸುಲಭವೆಂದು ಹಾಗೆ ಮಾಡಿದರೆ ತಂತಿಯ ಪಕ್ಕದ ಸಂದಿನಲ್ಲಿ ಪೆಟ್ರೋಲ್ ಜಿನುಗುತ್ತದೆ. ಕಿಡಿಯನ್ನು ತಡೆಯಲು ಹೋಗಿ ಆವಿಯನ್ನು ಆಹ್ವಾನಿಸಿದಂತೆ.

ಮೂರು ಬೇರೆ ತಂತಿಗಳಿಗೆ ‘ಅರ್ಥ್’ ಎಂಬ ಒಂದೇ ಹೆಸರು ಬಳಕೆಯಲ್ಲಿರುವುದು ಗೊಂದಲಕ್ಕೆ ಕಾರಣ. ಬ್ಯಾಟರಿಯ ಋಣ ತಂತಿಯಲ್ಲಿ ದೀಪ, ಪಂಪುಗಳು ನಡೆಯುವಷ್ಟು ಹೊತ್ತೂ ಪ್ರವಾಹ ಹರಿಯುತ್ತದೆ. ದಡದಿಂದ ಮನೆಬಳಕೆಯ ವಿದ್ಯುತ್ ಪಡೆದಾಗ ಜೊತೆಗೆ ಬರುವ ಹಸಿರು ತಂತಿಯಲ್ಲಿ ದೋಷವುಂಟಾದಾಗ ಮಾತ್ರ ಪ್ರವಾಹ ಹರಿಯುತ್ತದೆ. ಟ್ಯಾಂಕಿನ ತಂತಿಗೆ ಸ್ಥಿರ ವಿದ್ಯುತ್ತನ್ನು ಸಾಗಿಸುವುದಷ್ಟೇ ಕೆಲಸ. ಅದನ್ನೇ ದೀಪಕ್ಕೋ ಪಂಪಿಗೋ ಮರಳುದಾರಿಯಾಗಿ ಬಳಸಿದರೆ ಇಂಧನದ ಪಕ್ಕದಲ್ಲೇ ಪ್ರವಾಹ ಹರಿಸಿದಂತಾಗುತ್ತದೆ.

ಉಳಿದ ಏರ್ಪಾಟುಗಳು ಆವಿ ಮತ್ತು ಕಿಡಿಯನ್ನು ಬೇರೆಬೇರೆಯಾಗಿ ಇಡುವವು. ಎಂಜಿನ್ ಕೋಣೆಯ ಗಾಳಿಯನ್ನು ಹೊರಗೆಳೆಯುವ ಬ್ಲೋವರ್‌ನ ಕೊಳವೆ ಕೋಣೆಯ ಕೆಳಗಿನ ಮೂರನೆಯ ಒಂದು ಭಾಗದಲ್ಲಿ, ತಳದಲ್ಲಿ ಸಾಮಾನ್ಯವಾಗಿ ನಿಲ್ಲುವ ನೀರಿಗಿಂತ ಮೇಲೆ ಇರಬೇಕು. ಭಾರವಾದ ಆವಿ ಅಲ್ಲಿಯೇ ಇರುವುದು. ಎಂಜಿನ್ ಚಾಲೂ ಮಾಡುವ ಮೊದಲು ಬ್ಲೋವರ್ 4 ನಿಮಿಷ ನಡೆಯಬೇಕೆಂಬ ಎಚ್ಚರಿಕೆಯ ಫಲಕವೂ ಅಲ್ಲಿ ಕಡ್ಡಾಯ. ಅಲ್ಲಿನ ಸ್ಟಾರ್ಟರ್, ಆಲ್ಟರ್ನೇಟರ್ ಮುಂತಾದವುಗಳ ಒಳಗಿನ ಕಿಡಿ ಹೊರಗಿನ ಆವಿಗೆ ಬೆಂಕಿ ಹಚ್ಚದಂತೆ ಅವನ್ನು ರಚಿಸಲಾಗಿರುತ್ತದೆ. ಅಗ್ಗವೆಂದು ಕಾರಿನ ಬಿಡಿಭಾಗ ತಂದು ಕೂರಿಸುವವರು ಕಳೆದುಕೊಳ್ಳುವುದು ಈ ರಕ್ಷಣೆಯನ್ನೇ. ಎರಡೂ ನೋಡಲು ಒಂದೇ ಬಗೆ.

ಕಾಸರಗೋಡಿನ ಕಡಲತೀರದ ವಿದ್ಯಾರ್ಥಿಗಳಿಗೆ ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ ಪರಿಚಿತವಾಗಿರಬಹುದು. ಇಂಥ ಎಂಜಿನ್ನಿಗೆ ಹೊತ್ತು ತರುವ ಸಣ್ಣ ಪೆಟ್ರೋಲ್ ಟ್ಯಾಂಕನ್ನು ದೋಣಿಯಿಂದ ಹೊರತೆಗೆದು ದಡದ ನೆಲದ ಮೇಲಿಟ್ಟೇ ತುಂಬಬೇಕು. ಪಂಪಿನ ನಳಿಕೆ ಟ್ಯಾಂಕಿನ ಬಾಯಿಗೆ ತಾಗಿಕೊಂಡೇ ಇರಬೇಕು. ಹೀಗೆ ಮಾಡಿದರೆ ಆವೇಶಕ್ಕೆ ದಾರಿ ಸಿಗುತ್ತದೆ, ಚೆಲ್ಲಿದ ಹನಿಯ ಆವಿ ದೋಣಿಯ ತಳ ಸೇರುವುದಿಲ್ಲ.

ತರಗತಿಯಲ್ಲಿ ಇದನ್ನು ತೋರಿಸಲು ಪೆಟ್ರೋಲನ್ನು ಎಂದಿಗೂ ತರಕೂಡದು. ಎತ್ತರದ ಪಾತ್ರೆಯಲ್ಲಿ ಅಡುಗೆ ಸೋಡಾಕ್ಕೆ ವಿನೆಗರ್ ಬೆರೆಸಿದರೆ ಹುಟ್ಟುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ದ್ರವ ಚೆಲ್ಲದಂತೆ ಆ ಅನಿಲವನ್ನಷ್ಟೇ ಬಟ್ಟಲಿನಲ್ಲಿ ಉರಿಯುತ್ತಿರುವ ಮೋಂಬತ್ತಿಯ ಮೇಲೆ ಬಗ್ಗಿಸಿದರೆ ದೀಪ ಆರುತ್ತದೆ. ಕಣ್ಣಿಗೆ ಕಾಣದ ಅನಿಲ ನೀರಿನಂತೆ ತಳ ಸೇರುವುದು ಮಕ್ಕಳಿಗೆ ಮನದಟ್ಟಾಗುತ್ತದೆ. ಎರಡು ತವರದ ಡಬ್ಬಿಗಳನ್ನು ರಬ್ಬರ್ ಕೊಳವೆಯಿಂದ ಜೋಡಿಸಿ ಮಲ್ಟಿಮೀಟರ್‌ನಲ್ಲಿ ರೋಧ ಅಳೆಯಲಿ; ಅನಂತರ ಒಂದು ತಾಮ್ರದ ತಂತಿ ಸೇರಿಸಿ ಮತ್ತೆ ಅಳೆಯಲಿ.