ಬಿಳಿ ಬೋಗುಣಿಯ ಅಡಿ ಮಗುಚಿ ನೋಡುವವರು

2007ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಕುಟುಂಬ ಯಾರದೋ ಮನೆಯಂಗಳದ ಹಳೇ ಸಾಮಾನಿನ ಮಾರಾಟದಲ್ಲಿ ಬಿಳಿ ಬೋಗುಣಿಯೊಂದನ್ನು ಮೂರು ಡಾಲರ್‌ಗೆ ಕೊಂಡಿತು. ಕೆಲವು ವರ್ಷ ಅದು ಮನೆಯಲ್ಲಿ ಅಲಂಕಾರಕ್ಕಿತ್ತು. 2013ರ ಮಾರ್ಚ್‌ನಲ್ಲಿ ಸದಬೀಸ್ ಹರಾಜಿನಲ್ಲಿ ಅದಕ್ಕೆ ಬಂದ ಬೆಲೆ 22 ಲಕ್ಷ ಡಾಲರ್‌ಗೂ ಹೆಚ್ಚು. ಅದು ಸುಮಾರು ಸಾವಿರ ವರ್ಷ ಹಿಂದಿನ, ಚೀನಾದ ಡಿಂಗ್ ಆವಿಗೆಯ ಬೋಗುಣಿ.

ಬಿಳುಪಿಗೆ ಅಷ್ಟೊಂದು ಬೆಲೆ ಏಕೆ? ಸಾಮಾನ್ಯ ಜೇಡಿಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದೇ ಇರುತ್ತದೆ. ಸುಟ್ಟರೆ ಮಣ್ಣು ಕೆಂಪಿಗೋ ಬೂದು ಬಣ್ಣಕ್ಕೋ ತಿರುಗುತ್ತದೆ. ಉತ್ತರ ಚೀನಾದ ಕುಂಬಾರರು ಕಬ್ಬಿಣ ಕಡಿಮೆಯಿರುವ ಮಣ್ಣನ್ನು ಹುಡುಕಿ, ಮೇಲಿನ ಗಾಜಿನಂಥ ಲೇಪದಲ್ಲೂ, ಅಂದರೆ ಗ್ಲೇಜಿನಲ್ಲೂ, ಬಣ್ಣ ಬರದಂತೆ ಪಳಗುವ ಹೊತ್ತಿಗೆ ಆರನೇ ಶತಮಾನ ಮುಗಿಯುತ್ತಾ ಬಂದಿತ್ತು. ಆನ್ಯಾಂಗ್ ಬಳಿ ಸಿಕ್ಕ, ಕ್ರಿ.ಶ. 575ರ ಫಾನ್ ತ್ಸುಯಿ ಎಂಬ ಅಧಿಕಾರಿಯ ಸಮಾಧಿಯ ಪಾತ್ರೆಗಳು ಈ ದಾರಿಯ ಆರಂಭದವು. ಟಾಂಗ್ ಅರಸರ ಕಾಲಕ್ಕೆ ಹೆಬೇ ಪ್ರಾಂತ್ಯದ ಶಿಂಗ್ ಆವಿಗೆಗಳ ಬಿಳಿ ಪಾತ್ರೆಗಳು ಹೆಸರು ಮಾಡಿದವು. ಚಹಾದ ಬಗ್ಗೆ ಗ್ರಂಥ ಬರೆದ ಲು ಯು ಮಾತ್ರ ಚಹಾ ಕುಡಿಯಲು ಇವುಗಳಿಗಿಂತ ದಕ್ಷಿಣದ ಹಸಿರು ಬಟ್ಟಲೇ ಮೇಲೆಂದ. ಅರಬ್ ಕಡೆಯ ಗಿರಾಕಿಗಳಿಗೆ ಆ ತಕರಾರಿರಲಿಲ್ಲ. ಒಂಬತ್ತನೇ ಶತಮಾನದಲ್ಲಿ ಇಂಡೊನೇಷ್ಯಾದ ಬೆಲಿಟುಂಗ್ ಬಳಿ ಮುಳುಗಿ, 1998ರಲ್ಲಿ ಪತ್ತೆಯಾದ ಅರಬ್ ಮಾದರಿಯ ಹಡಗಿನಲ್ಲೂ ಬಿಳಿ ಪಾತ್ರೆಗಳಿದ್ದವು.

ಸಂಗ್ರಾಹಕರು ಬೋಗುಣಿ ಕೈಗೆ ಬಂದೊಡನೆ ಅದನ್ನು ಮಗುಚಿ ಅಡಿ ನೋಡುತ್ತಾರೆ. ಟಾಂಗ್ ಕಾಲದ ಬಟ್ಟಲಿಗೆ ಸಾಮಾನ್ಯವಾಗಿ ಅಗಲವಾದ ಚಪ್ಪಟೆ ಪಾದ, ದಪ್ಪಗೆ ಮಡಿಸಿದ ಬಾಯಿ. ಆಮೇಲಿನ ಸಾಂಗ್ ಅರಸರ ಕಾಲದ ಡಿಂಗ್ ಬೋಗುಣಿ ತೆಳುವು. ಅದನ್ನು ಬೋರಲಾಗಿಟ್ಟು ಸುಡುತ್ತಿದ್ದರು. ಸೊಟ್ಟಗಾಗುವುದು ತಪ್ಪುತ್ತಿತ್ತು, ಒಂದೇ ಆವಿಗೆಯಲ್ಲಿ ಹೆಚ್ಚು ಪಾತ್ರೆ ಹಿಡಿಸುತ್ತಿತ್ತು. ಆದರೆ ಅಂಟಿಕೊಳ್ಳದಿರಲೆಂದು ಬಾಯಂಚಿನ ಗ್ಲೇಜು ಒರೆಸಲೇಬೇಕು. ಹಾಗೆ ಉಳಿದ ಒರಟು ಅಂಚಿಗೆ ತಾಮ್ರದ್ದೋ ಬೆಳ್ಳಿಯದೋ ಪಟ್ಟಿ ಕಟ್ಟಿದರು. ಹೊರಮೈಯಲ್ಲಿ ಗ್ಲೇಜು ಜಾರಿ ನಿಂತ ಗೆರೆಗಳನ್ನು ಚೀನೀಯರು ಕಣ್ಣೀರೆಂದೇ ಕರೆಯುತ್ತಾರೆ. ಸೌದೆ ಬಿಟ್ಟು ಕಲ್ಲಿದ್ದಲು ಉರಿಸತೊಡಗಿದ ಮೇಲೆ ಬಿಳುಪಿಗೆ ದಂತದ ಛಾಯೆ ಬಂತು. ನೋಡಲು ಅದೇ ಹೆಚ್ಚು ಹಿತ.

ನಕಲಿ ಮಾಡುವವರಿಗೂ ಇದೆಲ್ಲ ಬಾಯಿಪಾಠ. ಹಳೇ ಒಡಕು ಪಾತ್ರೆಯ ತಳವನ್ನು ಹೊಸ ಬೋಗುಣಿಗೆ ಕೂಡಿಸುವುದುಂಟು. ಮಣ್ಣು ಕೊನೆಯ ಸಲ ಸುಟ್ಟದ್ದು ಯಾವಾಗ ಎಂದು ಅಂದಾಜಿಸುವ ಥರ್ಮೋಲ್ಯುಮಿನೆಸೆನ್ಸ್ ಪರೀಕ್ಷೆಗೆ ಮಾದರಿ ತೆಗೆಯುವುದು ಹೆಚ್ಚಾಗಿ ಅಡಿಯಿಂದಲೇ. ಆದ್ದರಿಂದ ಈ ಮೋಸ ಅಲ್ಲಿಯೂ ದಾಟಿಬಿಡಬಹುದು. ಸಮಾಧಿ ಅಗೆದು ಕದ್ದ ಮಾಲಿನ ಭಯ ಬೇರೆ. ಚೀನಾದೊಂದಿಗಿನ ಒಪ್ಪಂದದಂತೆ 2009ರಿಂದ ಅಮೆರಿಕ ಟಾಂಗ್ ಕಾಲ ಮತ್ತು ಅದಕ್ಕೂ ಹಿಂದಿನ ವಸ್ತುಗಳ ಆಮದನ್ನು ನಿರ್ಬಂಧಿಸಿದೆ. ಯಾರಿಂದ ಯಾರಿಗೆ ಬಂತೆಂಬ ಹಳೇ ಕಾಗದವಿಲ್ಲದ ಬೋಗುಣಿಯನ್ನು, ಎಷ್ಟೇ ಚೆನ್ನಾಗಿದ್ದರೂ, ಕೊಳ್ಳದಿರುವುದೇ ಸರಿ.

ಕೊಳ್ಳುವ ಮೊದಲು ಕಣ್ಣು ಪಳಗಬೇಕು. ಅದಕ್ಕೆ ಒಳ್ಳೆಯ ಜಾಗವೊಂದಿದೆ. ಬಾಂಬೆಯಲ್ಲಿ 1892ರಲ್ಲಿ ಹುಟ್ಟಿದ ಸರ್ ಪರ್ಸಿವಲ್ ಡೇವಿಡ್ ಕೂಡಿಸಿದ ಸುಮಾರು 1,700 ಚೀನೀ ಪಾತ್ರೆಗಳು, ಡಿಂಗ್ ಬೋಗುಣಿಗಳೂ ಸೇರಿ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ 95ನೇ ಕೋಣೆಯಲ್ಲಿವೆ. ಪ್ರವೇಶ ಉಚಿತ.