ಕಳೆ ಕತ್ತರಿಸಲು ದಾರವೇ, ಅಲಗೇ?

ಮುಂಗಾರಿನ ಎರಡು ಹದ ಮಳೆ ಬಿದ್ದರೆ ಸಾಕು, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲೂಕುಗಳ ಶಾಲೆಯ ಅಂಗಳ, ಮನೆಯ ಹಿತ್ತಲು, ರಸ್ತೆಯ ಬದಿಗಳೆಲ್ಲ ಹಸಿರಾಗುತ್ತವೆ. ಈ ಹುಲ್ಲು, ಕಳೆಗಳನ್ನು ತೆಗೆಯಲು ಈಗ ಕುಡುಗೋಲಿನ ಜೊತೆಗೆ ಯಂತ್ರವೂ ಬಂದಿದೆ. ಆದರೆ ಎಲ್ಲ ಕಳೆಗೂ ಒಂದೇ ಉಪಕರಣ ಒಗ್ಗುವುದಿಲ್ಲ. ಇದಕ್ಕೆ ಕಾರಣವೇನೆಂದು ನೋಡೋಣ.

ನೈಲಾನ್ ದಾರದಿಂದ ಹುಲ್ಲು ಕತ್ತರಿಸುವ ಯಂತ್ರವನ್ನು 1971ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಜಾರ್ಜ್ ಬಲ್ಲಾಸ್ ರೂಪಿಸಿದರು. ಕಾರು ತೊಳೆಯುವ ಯಂತ್ರದ ತಿರುಗುವ ಕುಂಚಗಳನ್ನು ಕಂಡು ಅವರಿಗೆ ಈ ಯೋಚನೆ ಹೊಳೆಯಿತು. ತಗಡಿನ ಡಬ್ಬಿಗೆ ಮೀನು ಹಿಡಿಯುವ ದಾರವನ್ನು ಪೋಣಿಸಿ ತಿರುಗಿಸಿ ನೋಡಿದರು.

ಮೆತ್ತನೆಯ ದಾರ ಹುಲ್ಲನ್ನು ಹೇಗೆ ಕತ್ತರಿಸೀತು? ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸುವಾಗ ಅದರ ಹಗ್ಗ ಬಿಗಿಯಾಗಿ ನಿಲ್ಲುವುದನ್ನು ನೀವು ಕಂಡಿರಬಹುದು. ಇಲ್ಲಿಯೂ ಹಾಗೆಯೇ. 40 ಸೆಂಟಿಮೀಟರ್ ವ್ಯಾಸದ ವೃತ್ತದಲ್ಲಿ ದಾರವು ನಿಮಿಷಕ್ಕೆ 6000 ಸುತ್ತು ತಿರುಗಿದರೆ, ಅದರ ತುದಿಯ ವೇಗ ಸೆಕೆಂಡಿಗೆ ಸುಮಾರು 125 ಮೀಟರ್. ಈ ಲೆಕ್ಕವನ್ನು ನೀವೇ ಮಾಡಿ ನೋಡಿ. ಆ ಹೊಡೆತಕ್ಕೆ ಎಳೆಯ ಹುಲ್ಲು ತುಂಡಾಗುತ್ತದೆ. ತೆಳು ಹುಲ್ಲಿಗೆ 2 ಮಿಲಿಮೀಟರಿನೊಳಗಿನ ದಾರ ಸಾಕು. ಒತ್ತಾಗಿ ಬೆಳೆದ ಹುಲ್ಲಿಗೆ 2.4 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪನೆಯದು ಬೇಕು. ದಪ್ಪ ದಾರವನ್ನು ತಿರುಗಿಸಲು ಶಕ್ತಿಯುಳ್ಳ ಎಂಜಿನ್ ಬೇಕೆಂಬುದನ್ನು ಮರೆಯಬಾರದು.

ಬಳ್ಳಾರಿ ಜಾಲಿಯ ಮುಂದೆ ದಾರದ ಆಟ ನಡೆಯದು. ಅದರ ಗಟ್ಟಿ ಕಾಂಡಕ್ಕೆ ಲೋಹದ ಅಲಗಿನ ಬ್ರಷ್ ಕಟರ್ ಇಲ್ಲವೇ ಕೊಡಲಿ ಬೇಕು. ಕಡಿದರೂ ಬುಡದಿಂದ ಮತ್ತೆ ಚಿಗುರುವುದರಿಂದ ಬೇರನ್ನು ಅಗೆಯಲೇಬೇಕು. ಜೇಕು ಹುಲ್ಲೂ ಅಷ್ಟೇ. ಮೇಲೆ ಕತ್ತರಿಸಿದರೆ ನೆಲದೊಳಗಿನ ಗಡ್ಡೆ ಸುಮ್ಮನಿರುವುದಿಲ್ಲ.

ಹೆಚ್ಚಿನ ಎಚ್ಚರ ಬೇಕಾದುದು ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡದ ವಿಷಯದಲ್ಲಿ. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲಾದ ಈ ಕಳೆ ಮುಂದೆ ದೇಶದ ತುಂಬ ಹರಡಿತು. ಇದರಿಂದ ಕೆಲವರಿಗೆ ಚರ್ಮದ ತುರಿಕೆ, ಉಬ್ಬಸ ಉಂಟಾಗುತ್ತವೆ. ತಿರುಗುವ ದಾರವು ಗಿಡವನ್ನು ಚೂರುಚೂರು ಮಾಡಿ ರಸವನ್ನೂ ಪರಾಗವನ್ನೂ ಸುತ್ತ ಎರಚುತ್ತದೆ. ಆದ್ದರಿಂದ ಹೂ ಬಿಡುವ ಮೊದಲೇ, ನೆಲ ಹಸಿಯಾಗಿರುವಾಗ, ಕೈಗವಸು ತೊಟ್ಟು ಬೇರು ಸಹಿತ ಕೀಳುವುದೇ ಲೇಸು. ಅಲರ್ಜಿ ಇರುವವರು ಇದರ ಹತ್ತಿರ ಹೋಗಬಾರದು.

ದಾರದಿಂದ ಗಿಡಗಳಿಗೂ ಹಾನಿಯುಂಟು. ಹಡಗಲಿಯ ಮಲ್ಲಿಗೆ ಗಿಡದ ಬುಡಕ್ಕಾಗಲಿ, ಶಾಲೆಯಲ್ಲಿ ನೆಟ್ಟ ಸಸಿಗಾಗಲಿ ದಾರ ತಗುಲಿ ತೊಗಟೆ ಸುತ್ತಲೂ ಸುಲಿದರೆ, ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯದೆ ಗಿಡ ಒಣಗುತ್ತದೆ. ಇಂಥ ಕಡೆ ಕುರ್ಪಿಯೇ ಸರಿ.

ವಿದ್ಯುತ್ ಸಂಪರ್ಕ ಹತ್ತಿರವಿರುವ ಸಣ್ಣ ಅಂಗಳಕ್ಕೆ ವಿದ್ಯುತ್ ಯಂತ್ರ ಸಾಕು. ಹುಲ್ಲು ಒದ್ದೆಯಿದ್ದಾಗ ಅದನ್ನು ಬಳಸಬಾರದು. ವಿಶಾಲ ಮೈದಾನಕ್ಕೆ ಪೆಟ್ರೋಲ್ ಯಂತ್ರ ಅನುಕೂಲ. ಎರಡು ಸ್ಟ್ರೋಕಿನ ಎಂಜಿನ್ನಾದರೆ ತಯಾರಕರು ಹೇಳಿದ ಪ್ರಮಾಣದಲ್ಲಿಯೇ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು.

ಗರಸು ನೆಲದಲ್ಲಿ ಹರಳುಗಳು ಸಿಡಿಯುತ್ತವೆ. ಯಂತ್ರ ನಡೆಸುವ ಹಿರಿಯರು ಕನ್ನಡಕ, ಬೂಟು ಧರಿಸಬೇಕು. ಉಳಿದವರು 15 ಮೀಟರ್ ದೂರವಿರಬೇಕು.

ಯಂತ್ರ ಕೊಳ್ಳುವ ಮೊದಲು ಒಮ್ಮೆ ಅಂಗಳವನ್ನು ಸುತ್ತಿ ಬನ್ನಿ. ಕಾಂಡ ಎಳೆಯದೋ, ಬಲಿತದ್ದೋ? ಬೇರಿನಲ್ಲಿ ಗಡ್ಡೆಯಿದೆಯೇ? ನೆಲದಲ್ಲಿ ಕಲ್ಲಿದೆಯೇ? ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ, ಯಾವ ಉಪಕರಣ ಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.