ಅಣು ವಿದ್ಯುತ್ ಸ್ಥಾವರವೂ ನೆರೆಯ ಹಳ್ಳಿಯೂ



ಕಳೆದ ತಿಂಗಳು ಬೆಂಗಳೂರಿನ ವಿಲ್ಸನ್ ಗಾರ್ಡನ್ನಿನಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಎರಡು ದಿನ ಇದ್ದೆನು. ರಾತ್ರಿ ಬೀದಿಯ ತುಂಬ ದೀಪ ಉರಿಯುತ್ತಿತ್ತು. "ಈ ಕರೆಂಟು ಎಲ್ಲಿಂದ ಬರುತ್ತದೆ ಮಾಮ?" ಎಂದು ಅಕ್ಕನ ಮಗ ಕೇಳಿದನು. ಶರಾವತಿಯಿಂದ, ರಾಯಚೂರಿನಿಂದ ಎಂದು ಹೇಳಿ, ಒಂದು ಪಾಲು ಕೈಗಾದಿಂದಲೂ ಬರುತ್ತದೆ ಎಂದೆನು. "ಅಲ್ಲಿ ಊರುಗಳಿವೆಯೇ? ಅವರನ್ನು ಕೇಳಿ ಕಟ್ಟಿದರೇ?" ಎಂದು ಹುಡುಗನು ಮತ್ತೆ ಕೇಳಿದನು. ಪ್ರಶ್ನೆ ಚಿಕ್ಕದು, ಉತ್ತರ ದೊಡ್ಡದು. ರಾಜ್ಯದ ಬೇರೆ ಜಿಲ್ಲೆಗಳಲ್ಲಿಯೂ ಇಂತಹ ಸ್ಥಾವರಕ್ಕೆ ಜಾಗ ನೋಡುವ ಮಾತು ಕೇಳಿಬರುತ್ತಿರುವುದರಿಂದ, ಈ ವಿಷಯವನ್ನು ನಾವೆಲ್ಲರೂ ತಿಳಿದಿರುವುದು ಒಳ್ಳೆಯದು.

ಕೈಗಾ ಎಲ್ಲಿದೆ?

ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲ್ಲೂಕಿನಲ್ಲಿ, ಕಾಳಿ ನದಿಯ ದಂಡೆಯ ಕಾಡಿನ ನಡುವೆ ಈ ಸ್ಥಾವರವಿದೆ. ಯಂತ್ರಗಳನ್ನು ತಣಿಸುವ ನೀರು ಕದ್ರಾ ಜಲಾಶಯದ್ದು. ಕೇಂದ್ರ ಸರ್ಕಾರದ ಪರಮಾಣು ವಿದ್ಯುತ್ ನಿಗಮವು ಇದನ್ನು ನಡೆಸುತ್ತದೆ. 2000ದಲ್ಲಿ ಎರಡು ಘಟಕಗಳು, 2007ರಲ್ಲಿ ಮೂರನೆಯದು, 2011ರಲ್ಲಿ ನಾಲ್ಕನೆಯದು ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಒಂದೊಂದರ ಶಕ್ತಿ 220 ಮೆಗಾವಾಟ್. ಒಂದನೆಯ ಘಟಕವು 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ಎಡೆಬಿಡದೆ ನಡೆದು ಜಗತ್ತಿನಲ್ಲಿಯೇ ದಾಖಲೆ ಮಾಡಿತು. ಇನ್ನು 700 ಮೆಗಾವಾಟಿನ ಎರಡು ಘಟಕಗಳು ಅಲ್ಲಿಯೇ ಬರಲಿವೆ.

ಊರಿನವರ ಮಾತು ಕೇಳುವುದು

ಮೊದಲ ಘಟಕಗಳ ಕೆಲಸ ಹಿಡಿದಾಗ ಊರಿನವರನ್ನು ಕೂಡಿಸಿ ಕೇಳಲೇಬೇಕೆಂಬ ನಿಯಮ ಇರಲಿಲ್ಲ. ಡಾ. ಶಿವರಾಮ ಕಾರಂತರಂತಹ ಹಿರಿಯರು ಕೈಗಾವನ್ನು ವಿರೋಧಿಸಿ, 1989ರಲ್ಲಿ ಲೋಕಸಭೆಯ ಚುನಾವಣೆಗೇ ನಿಂತರು. ಗೆಲ್ಲಲಿಲ್ಲ. ಇಂತಹ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯವಾದದ್ದು 1997ರಲ್ಲಿ. ಈಗ ನಡೆಯುತ್ತಿರುವುದು 2006ರ ಅಧಿಸೂಚನೆಯಂತೆ. ಅದರ ಮುಖ್ಯ ಅಂಶಗಳು ಹೀಗಿವೆ:

1. ಸಭೆಗೆ ಕನಿಷ್ಠ 30 ದಿನ ಮುಂಚಿತವಾಗಿ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು.

2. ಯೋಜನೆಯಿಂದ ನೆಲ, ಜಲ, ಕಾಡು, ಜನಜೀವನಕ್ಕೆ ಏನಾಗುವುದೆಂಬ ವರದಿಯ ಸಾರಾಂಶವು ಕನ್ನಡದಲ್ಲಿ ಇರಬೇಕು. ಅದು ಜಿಲ್ಲಾಧಿಕಾರಿಗಳ ಕಚೇರಿ, ಪಂಚಾಯತಿ ಮೊದಲಾದೆಡೆ ಓದಲು ಸಿಗಬೇಕು.

3. ಜಿಲ್ಲಾಧಿಕಾರಿಗಳಾಗಲಿ, ಅಪರ ಜಿಲ್ಲಾಧಿಕಾರಿಗಳಿಗೆ ಕಡಿಮೆಯಿಲ್ಲದ ಅಧಿಕಾರಿಗಳಾಗಲಿ ಅಧ್ಯಕ್ಷತೆ ವಹಿಸಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯವರೂ ಇರಬೇಕು.

4. ಸಭೆಯನ್ನು ಪೂರ್ತಿ ವೀಡಿಯೋ ಚಿತ್ರಣ ಮಾಡಬೇಕು. ನಡವಳಿಯನ್ನು ಸಭೆಯ ಕೊನೆಯಲ್ಲಿ ಜನರ ಭಾಷೆಯಲ್ಲಿ ಓದಿಹೇಳಬೇಕು. ಅದರ ಪ್ರತಿಯನ್ನು ಪಂಚಾಯತಿಯಲ್ಲಿ ತೂಗುಹಾಕಬೇಕು.

ಸಭೆಗೆ ಇಷ್ಟೇ ಜನ ಬರಬೇಕೆಂಬ ಲೆಕ್ಕವಿಲ್ಲ. ಆದುದರಿಂದ ನಾವು ಹೋಗದೆ ಮನೆಯಲ್ಲಿ ಕುಳಿತರೆ ಸಭೆ ನಿಲ್ಲುವುದಿಲ್ಲ. ನಮ್ಮ ಮಾತು ಮಾತ್ರ ನಡವಳಿಯಲ್ಲಿ ಇಲ್ಲದೆ ಹೋಗುತ್ತದೆ.

ಕೈಗಾದ ಐದು ಮತ್ತು ಆರನೆಯ ಘಟಕಗಳಿಗಾಗಿ ಇಂತಹ ಸಭೆ 2018ರ ಡಿಸೆಂಬರಿನಲ್ಲಿ ನಡೆಯಿತು. ಕಾಡಿನ ನಾಶ, ಆರೋಗ್ಯ, ಭೂಮಿ ಬಿಟ್ಟವರ ಮಕ್ಕಳಿಗೆ ಕೆಲಸ ಇವೇ ಅಲ್ಲಿಯ ಜನರ ಮುಖ್ಯ ಪ್ರಶ್ನೆಗಳು. ವಿರೋಧವೂ ಬಲವಾಗಿಯೇ ಇದ್ದಿತು. 2019ರಲ್ಲಿ ಕೇಂದ್ರ ಪರಿಸರ ಸಚಿವಾಲಯವು ಮಂಜೂರಾತಿ ನೀಡಿತು. ಸಭೆಯಲ್ಲಿ ಬೇಡವೆಂದ ಮಾತ್ರಕ್ಕೆ ಯೋಜನೆ ನಿಲ್ಲುವುದಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಆದರೆ ಕೇಳಿದ ಪ್ರಶ್ನೆಗೆ ಕಂಪನಿಯು ಬರಹದಲ್ಲಿ ಉತ್ತರ ಕೊಡಬೇಕಾಗುತ್ತದೆ. ಬರಹದಲ್ಲಿ ಇದ್ದುದನ್ನು ಹತ್ತು ವರ್ಷ ಬಿಟ್ಟರೂ ತೋರಿಸಿ ಕೇಳಬಹುದು, ಬಾಯಿಮಾತನ್ನು ಕೇಳುವಂತಿಲ್ಲ.

ಹಾಲು, ಮೀನು, ಹುಲ್ಲಿನ ಪರೀಕ್ಷೆ

ಸ್ಥಾವರದ ಬಳಿ ಪರಿಸರ ಸಮೀಕ್ಷಾ ಪ್ರಯೋಗಾಲಯವೊಂದಿದೆ. ಸುತ್ತಣ 30 ಕಿಲೋಮೀಟರ್‌ವರೆಗಿನ ನೀರು, ಮಣ್ಣು, ಹುಲ್ಲು, ಹಾಲು, ಮೀನು, ಧಾನ್ಯಗಳ ಮಾದರಿ ತಂದು ವಿಕಿರಣದ ಅಂಶವನ್ನು ಇಲ್ಲಿ ಅಳೆಯುತ್ತಾರೆ. ಸ್ಥಾವರದಿಂದ ಹೊರಗಿನ ಜನರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಮೀರಿ ವಿಕಿರಣ ತಗಲಬಾರದೆಂದು ಅಣುಶಕ್ತಿ ನಿಯಂತ್ರಣ ಮಂಡಳಿಯು ಮಿತಿ ಹಾಕಿದೆ.

ಅಳೆದರೆ ಸಾಲದು, ಹೇಳಬೇಕು. 2009ರ ನವೆಂಬರಿನಲ್ಲಿ ಕೈಗಾದ ಒಳಗೆ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಮ್ ಇರುವ ಭಾರಜಲ ಬೆರೆಸಿದರು. ಐವತ್ತಕ್ಕೂ ಹೆಚ್ಚು ನೌಕರರ ಮೂತ್ರ ಪರೀಕ್ಷೆಯಲ್ಲಿ ಅದು ಕಂಡುಬಂದಿತು. ಸುದ್ದಿ ಹೊರಬಿದ್ದಾಗ ಸುತ್ತಲಿನ ಊರುಗಳಿಗೆ ದಿಗಿಲಾಗುವುದು ಸಹಜವೇ. ನಿಜವನ್ನು ಬೇಗ ತಿಳಿಸಿದರೆ ಭಯ ಇಳಿಯುತ್ತದೆ; ತಡಮಾಡಿದರೆ ಗಾಳಿಸುದ್ದಿ ಬೆಳೆಯುತ್ತದೆ. ಹಾಲಿನ ಮಾದರಿ ಕೊಟ್ಟ ಮನೆಯವರು "ಫಲಿತಾಂಶವೇನು?" ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಊರಿಗೆ ಬರುವ ಹಣ

2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ನೂರಕ್ಕೆ ಎರಡರಷ್ಟನ್ನು ಜನಹಿತದ ಕೆಲಸಕ್ಕೆ ಖರ್ಚು ಮಾಡಬೇಕು. ನೆರೆಯ ಊರುಗಳಿಗೆ ಆದ್ಯತೆ ಕೊಡಬೇಕು. ಶಾಲೆಯ ಕೊಠಡಿ, ಕುಡಿಯುವ ನೀರು, ಆಸ್ಪತ್ರೆ ಇಂತಹವು ಇದರಲ್ಲಿ ಸೇರುತ್ತವೆ. ಇದು ಭೂಮಿಯ ಪರಿಹಾರವಲ್ಲ, ಅದಕ್ಕೆ ಬದಲೂ ಅಲ್ಲ. ಗ್ರಾಮಸಭೆಯಲ್ಲಿ ಠರಾವು ಮಾಡಿ, ಊರಿಗೆ ಮೊದಲು ಬೇಕಾದುದು ಯಾವುದೆಂದು ನಾವೇ ಹೇಳಬೇಕು. ಇಲ್ಲವಾದರೆ ನೀರಿಲ್ಲದ ಊರಿಗೆ ಸ್ವಾಗತ ಕಮಾನು ಬಂದೀತು.

ಸಾಮಾನು ಒದಗಿಸುವವರ ಆಯ್ಕೆ

ಇದು ನಮಗೇಕೆ ಎಂದು ಕೆಲವರು ಕೇಳಬಹುದು. ನಾನು ಚಿಕ್ಕವನಿದ್ದಾಗ ನಮ್ಮ ತಂದೆಯವರು ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಚೀಟಿಯಿಲ್ಲದ ಭತ್ತದ ಬೀಜ ತಂದರು. ಮಡಿಯಲ್ಲಿ ಅರ್ಧವೂ ಮೊಳೆಯಲಿಲ್ಲ. ಮತ್ತೆ ಬಿತ್ತುವ ಹೊತ್ತಿಗೆ ಹದ ಹೋಗಿತ್ತು. ಉಳಿದ ಹಣಕ್ಕಿಂತ ಕಳೆದ ಬೆಳೆ ಹೆಚ್ಚಾಯಿತು. ಈಗ ನಾನು ನಿಮಗೆ ಹೇಳುವುದೇನು? ನೀಲಿ ಚೀಟಿಯ ಪ್ರಮಾಣಿತ ಬೀಜ ಕೊಳ್ಳಿರಿ, ನೂರು ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಕಟ್ಟಿಡಿರಿ, ಎಂಬತ್ತಾದರೂ ಮೊಳೆತರೆ ಬಿತ್ತಿರಿ ಎಂದು. ಅಣು ಸ್ಥಾವರಕ್ಕೆ ಕೊಳವೆ, ಕವಾಟ, ಸಿಮೆಂಟು ಕೊಳ್ಳುವ ರೀತಿಯೂ ಇದೇ. ಮೊದಲು ಕಂಪನಿಯ ಅನುಭವ, ಕುಶಲತೆಗಳನ್ನು ನೋಡುತ್ತಾರೆ. ಅದರಲ್ಲಿ ತೇರ್ಗಡೆಯಾದವರ ಬೆಲೆಯ ಲಕೋಟೆಯನ್ನು ಮಾತ್ರ ತೆರೆಯುತ್ತಾರೆ. ಸಾಮಾನು ತಯಾರಾಗುವಾಗಲೇ ಕಾರ್ಖಾನೆಗೆ ಹೋಗಿ ಹಂತಹಂತವಾಗಿ ತಪಾಸಣೆ ಮಾಡುತ್ತಾರೆ.

ತಪಾಸಣೆಯ ಬೆಲೆ ಕೈಗಾಕ್ಕೆ ಚೆನ್ನಾಗಿ ಗೊತ್ತು. 1994ರ ಮೇ 13ರಂದು, ಕಟ್ಟುತ್ತಿದ್ದ ಒಂದನೆಯ ಘಟಕದ ಗುಮ್ಮಟದ ಒಳಪದರದ ಕಾಂಕ್ರೀಟು ಕಳಚಿ ಬಿದ್ದಿತು. ಕೆಲಸಗಾರರಿಗೆ ಗಾಯಗಳಾದವು. ಇಂಧನ ಇನ್ನೂ ತುಂಬಿರದ ಕಾರಣ ವಿಕಿರಣದ ಅಪಾಯ ಇರಲಿಲ್ಲ. ವಿನ್ಯಾಸವನ್ನೇ ಬದಲಿಸಿ ಗುಮ್ಮಟವನ್ನು ಹೊಸದಾಗಿ ಕಟ್ಟಬೇಕಾಯಿತು. ಗುಮ್ಮಟವೆಂದರೆ ಅಪಘಾತದ ಕಾಲದಲ್ಲಿ ಒಳಗಿನದು ಹೊರಗೆ ಬರದಂತೆ ತಡೆಯುವ ಮುಚ್ಚಳ. ಅದರ ಗಟ್ಟಿತನವೇ ನೆರೆಯ ಊರಿನ ಕಾವಲು. ಆದುದರಿಂದ ಯಾರಿಂದ ಕಟ್ಟಿಸುತ್ತಾರೆ, ಯಾರು ತಪಾಸಣೆ ಮಾಡುತ್ತಾರೆ ಎಂಬುದು ನಮ್ಮ ಪ್ರಶ್ನೆಯೂ ಹೌದು.

2025ರ ಏಪ್ರಿಲಿನಲ್ಲಿ ಐದು ಮತ್ತು ಆರನೆಯ ಘಟಕಗಳ ಸುಮಾರು 12,800 ಕೋಟಿ ರೂಪಾಯಿಯ ಕೆಲಸವನ್ನು ಮೇಘಾ ಎಂಜಿನಿಯರಿಂಗ್ ಕಂಪನಿಗೆ ಕೊಟ್ಟಾಗ, ಕಡಿಮೆ ಬೆಲೆಯೊಂದನ್ನೇ ನೋಡದೆ ಗುಣಮಟ್ಟಕ್ಕೂ ಅಂಕ ಕೊಟ್ಟು ಆಯ್ಕೆ ಮಾಡಿದರು. ದಾರಿ ಸರಿಯಾದುದು. ಇನ್ನು ಕೆಲಸದ ಮೇಲೆ ಕಣ್ಣಿಡುವುದು ಮುಖ್ಯ.

ನಮ್ಮ ಸಣ್ಣ ಉದ್ಯಮಗಳಿಗೂ ಪಾಲಿದೆ

ಕೇಂದ್ರದ ಸಾರ್ವಜನಿಕ ಉದ್ಯಮಗಳು ತಮ್ಮ ವಾರ್ಷಿಕ ಖರೀದಿಯಲ್ಲಿ ನೂರಕ್ಕೆ 25ರಷ್ಟನ್ನು ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಕೊಳ್ಳಬೇಕು. ಅದರಲ್ಲಿ ಪರಿಶಿಷ್ಟ ಜಾತಿ ಪಂಗಡದವರ ಉದ್ಯಮಗಳಿಗೆ 4, ಮಹಿಳೆಯರ ಉದ್ಯಮಗಳಿಗೆ 3 ಎಂದು ಮೀಸಲಿದೆ. ಟೆಂಡರಿನ ಮುಂಗಡ ಠೇವಣಿಯಿಂದ ವಿನಾಯಿತಿಯೂ ಉಂಟು. ವೆಲ್ಡಿಂಗ್ ಅಂಗಡಿಯವರು, ಸಮವಸ್ತ್ರ ಹೊಲಿಯುವವರು ಉದ್ಯಮ್ ನೋಂದಣಿ ಮಾಡಿಸಿಕೊಳ್ಳಬೇಕು. ಅದಕ್ಕೆ ಶುಲ್ಕವಿಲ್ಲ. ಸಾಮಾನು ಒಪ್ಪಿದ 45 ದಿನದೊಳಗೆ ಹಣ ಕೊಡದಿದ್ದರೆ ಬಡ್ಡಿ ಕೇಳುವ ಹಕ್ಕೂ ಕಾಯಿದೆಯಲ್ಲಿದೆ.

ಕೊನೆಯ ಮಾತು

ಸ್ಥಾವರ ಬೇಕೇ ಬೇಡವೇ ಎಂದು ಹೇಳುವುದು ಈ ಲೇಖನದ ಕೆಲಸವಲ್ಲ. ಅದನ್ನು ಊರು ಕುಳಿತು ತೀರ್ಮಾನಿಸಲಿ. ಆದರೆ ಅಹವಾಲು ಸಭೆಯ ನಿಯಮವು ಗಣಿಗೂ, ಸಿಮೆಂಟು ಕಾರ್ಖಾನೆಗೂ, ಅಣೆಕಟ್ಟಿಗೂ ಇರುವುದೆಂಬುದನ್ನು ನೆನಪಿಡಿರಿ. ಪ್ರಕಟಣೆ ಬಂದ ದಿನವೇ ಪಂಚಾಯತಿಗೆ ಹೋಗಿ ಕನ್ನಡದ ಸಾರಾಂಶ ಕೇಳಿ ಪಡೆಯಿರಿ. ಓದು ಬಾರದವರಿಗೆ ಓದಿಹೇಳಿರಿ. ಪ್ರಶ್ನೆಗಳನ್ನು ಬರೆದು ಕೊಟ್ಟು, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. ಬಿತ್ತುವ ಮೊದಲು ಬೀಜ ನೋಡುವವನು ರೈತ. ನೆಲ ಕೊಡುವ ಮೊದಲು ಮಾತನ್ನೂ ಹಾಗೆಯೇ ನೋಡಿ ಪಡೆಯಬೇಕು.

— ಗ್ರಾಮಸೇವಕ